ಏರಿಯಾ ಬಡವಾದ್ರೆ ಅಲ್ಲಿರೋರೆಲ್ಲ ಬಡವ್ರಾ? ಇಂಗ್ಲೆಂಡಿನ ಡಿಪ್ರಿವೇಶನ್ ಮ್ಯಾಪ್ ಏನು ಹೇಳುತ್ತೆ, ಏನು ಹೇಳಲ್ಲ

2025ರ ಅಕ್ಟೋಬರ್ ಕೊನೇಲಿ ಬ್ರಿಟನ್ ಸರ್ಕಾರ ಇಂಗ್ಲೆಂಡಿನ ಹೊಸ ಡಿಪ್ರಿವೇಶನ್ ಪಟ್ಟಿ, ಅಂದ್ರೆ ಯಾವ ಜಾಗ ಎಷ್ಟು ಹಿಂದುಳಿದಿದೆ ಅನ್ನೋ ಸೂಚ್ಯಂಕ, ಬಿಡುಗಡೆ ಮಾಡ್ತು, ಮಾರನೇ ದಿನ ಪೇಪರ್‌ಗಳಲ್ಲಿ ನಿರೀಕ್ಷೆ ಮಾಡಿದ ಹೆಡ್ಡಿಂಗೇ ಬಂತು, ದೇಶದ ಅತಿ ಹಿಂದುಳಿದ ಜಾಗ ಮತ್ತೆ ಜೇವಿಕ್ ಅಂತ. ಎಸೆಕ್ಸ್ ಕೌಂಟಿಯ ಸಮುದ್ರದಂಡೆಯ ಹಳ್ಳಿ ಅದು, 1930ರ ದಶಕದಲ್ಲಿ ಲಂಡನ್ ಜನ ರಜಾಕ್ಕೆ ಬಂದು ಇರ್ಲಿ ಅಂತ ಸೈಟ್ ಮಾಡಿ ಮಾರಿದ್ದು, ಆಮೇಲೆ ಆ ರಜಾ ಮನೆಗಳೇ ಜನಕ್ಕೆ ಕಾಯಂ ಮನೆ ಆಗೋದ್ವು. 2010, 2015, 2019, ಈಗ 2025, ಸತತ ನಾಲ್ಕು ಸಲ ಇದೇ ಮೊದಲು. ಟಿವಿಯವ್ರು ಕ್ಯಾಮೆರಾ ಹಿಡ್ಕೊಂಡು ಹೋಗ್ತಾರೆ, ಮುರಿದ ಕಾಂಪೌಂಡು, ಗುಂಡಿ ಬಿದ್ದ ರಸ್ತೆ ತೋರಿಸ್ತಾರೆ, ವಾಪಸ್ ಬರ್ತಾರೆ.

ಆ ಪಟ್ಟಿ ಮಾಡಿರೋದು ಟಿವಿಗೋಸ್ಕರ ಅಲ್ಲ. ಎಲ್ಲಿ ಕ್ಲಿನಿಕ್ ಬೇಕು, ಯಾವ ಶಾಲೆಗೆ ಜಾಸ್ತಿ ದುಡ್ಡು ಹೋಗ್ಬೇಕು, ಯಾವ ಕೌನ್ಸಿಲ್‌ಗೆ (ಸ್ಥಳೀಯ ಆಡಳಿತಕ್ಕೆ) ಎಷ್ಟು ಗ್ರಾಂಟ್ ಅನ್ನೋದನ್ನ ತೀರ್ಮಾನ ಮಾಡೋಕೆ ಮಾಡಿರೋದು, ನಿಜವಾಗ್ಲೂ ಕೋಟಿಗಟ್ಟಲೆ ಪೌಂಡ್ ಅದರ ಹಿಂದೆ ಓಡಾಡುತ್ತೆ. ಹಾಗಾಗಿ ಅದು ಹೇಗೆ ತಯಾರಾಗುತ್ತೆ, ಎಲ್ಲಿ ಕೆಲಸಕ್ಕೆ ಬರುತ್ತೆ, ಎಲ್ಲಿ ದಾರಿ ತಪ್ಪಿಸುತ್ತೆ ಅಂತ ಸ್ವಲ್ಪ ಬಿಡಿಸಿ ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಒಂದು ಜಾಗಕ್ಕೆ ಸೇವೆ ತಗೊಂಡು ಹೋಗೋಕೆ ಇಂಥ ಡೇಟಾದಷ್ಟು ಒಳ್ಳೆ ಸಾಧನ ಇನ್ನೊಂದಿಲ್ಲ, ಆದ್ರೆ ಒಬ್ಬ ವ್ಯಕ್ತಿಗೆ ನೀನು ಅರ್ಹ, ನೀನು ಅನರ್ಹ ಅಂತ ಹೇಳೋಕೆ ಅದನ್ನ ಬಳಸೋಕೆ ಶುರು ಮಾಡಿದ್ರೆ ಅನ್ಯಾಯ ಗ್ಯಾರಂಟಿ.

ಮೊದಲು ಅಳತೆ ವಿಷಯ. ಇಂಗ್ಲೆಂಡನ್ನ 33,755 ಚಿಕ್ಕ ತುಂಡುಗಳಾಗಿ ಮಾಡ್ಕೊಂಡಿದಾರೆ, ಇವಕ್ಕೆ ಲೋವರ್ ಲೇಯರ್ ಸೂಪರ್ ಔಟ್‌ಪುಟ್ ಏರಿಯಾ ಅನ್ನೋ ಉದ್ದದ ಹೆಸರು, ಎಲ್ಲರೂ ಎಲ್‌ಎಸ್‌ಒಎ ಅಂತಾರೆ. ಒಂದರಲ್ಲಿ 1,000ದಿಂದ 3,000 ಜನ, 400ರಿಂದ 1,200 ಮನೆ. ಅಂದ್ರೆ ಕೆಲವು ಬೀದಿಗಳು, ಅಷ್ಟೇ. ಪ್ರತಿ ತುಂಡಿಗೂ ಏಳು ವಿಷಯದಲ್ಲಿ ಅಂಕ ಹಾಕ್ತಾರೆ: ಆದಾಯಕ್ಕೆ 22.5%, ಕೆಲಸಕ್ಕೆ 22.5%, ಶಿಕ್ಷಣಕ್ಕೆ 13.5%, ಆರೋಗ್ಯಕ್ಕೆ 13.5%, ಉಳಿದಂತೆ ಅಪರಾಧ, ಮನೆ ಮತ್ತು ಸೇವೆಗಳು ಸಿಗೋ ಕಷ್ಟ, ಸುತ್ತಲ ಪರಿಸರ, ಈ ಮೂರಕ್ಕೆ ತಲಾ 9.3%. ಇವನ್ನೆಲ್ಲ ಸೇರಿಸಿ ಒಂದು ಸ್ಕೋರ್, ಆ ಸ್ಕೋರ್ ಮೇಲೆ 1ರಿಂದ (ಅತಿ ಹಿಂದುಳಿದದ್ದು) 33,755ರ ತನಕ ರ‍್ಯಾಂಕ್.

ಈ ರ‍್ಯಾಂಕ್ ಅನ್ನೋದರಲ್ಲೇ ಮೊದಲನೇ ಎಡವಟ್ಟು ಇರೋದು. ದೇಶದಲ್ಲಿ ಎಲ್ಲರ ಸ್ಥಿತಿ ಸುಧಾರಿಸಿದ್ರೂ ಯಾರಾದ್ರೂ ಒಬ್ರು ಮೊದಲನೇ ಸ್ಥಾನದಲ್ಲಿ ಇರ್ಲೇಬೇಕು, ಎಲ್ಲರೂ ಹಾಳಾದ್ರೂ ಅಷ್ಟೇ. ಜೇವಿಕ್ 2019ಕ್ಕಿಂತ ಈಗ ಚೆನ್ನಾಗಾಗಿದ್ಯಾ ಕೆಟ್ಟಿದ್ಯಾ ಅಂತ ಈ ಪಟ್ಟಿ ಹೇಳೋದೇ ಇಲ್ಲ, ಬೇರೆಯವ್ರ ಜೊತೆ ಹೋಲಿಸಿದ್ರೆ ಎಲ್ಲಿದೆ ಅಂತ ಮಾತ್ರ ಹೇಳುತ್ತೆ. ಆದ್ರೂ ಪ್ರತಿ ಸಲ ಕೌನ್ಸಿಲರ್‌ಗಳು ನಮ್ಮ ವಾರ್ಡ್ ಇಷ್ಟು ಸ್ಥಾನ ಮೇಲೆ ಬಂತು, ಅಷ್ಟು ಸ್ಥಾನ ಕೆಳಗೆ ಹೋಯ್ತು ಅಂತ ಹೇಳಿಕೆ ಕೊಡ್ತಾರೆ. ಪಟ್ಟಿ ಮಾಡಿದ ಇಲಾಖೆಯೇ ಹಾಗೆ ಓದ್ಬೇಡಿ ಅಂತ ಬರೆದಿರುತ್ತೆ, ಯಾರು ಕೇಳ್ತಾರೆ.

2025ರ ಪಟ್ಟಿಲಿ ಇದಕ್ಕೆ ಒಳ್ಳೆ ಉದಾಹರಣೆ ಸಿಕ್ತು. ಮೊದಲೆಲ್ಲ ಒಂದು ಮನೆಯ ಆದಾಯ ಕಡಿಮೆನಾ ಅಂತ ನೋಡುವಾಗ ಬಾಡಿಗೆ ಕಳೀತಾ ಇರ್ಲಿಲ್ಲ, ಈ ಸಲ ಬಾಡಿಗೆ ಥರದ ವಸತಿ ಖರ್ಚು ಕಳೆದು ಕೈಯಲ್ಲಿ ಉಳಿಯೋದು ಎಷ್ಟು ಅಂತ ಲೆಕ್ಕ ಹಾಕಿದ್ರು. ಅಷ್ಟೇ ಬದಲಾವಣೆ ಅನ್ಸುತ್ತೆ, ಆದ್ರೆ ಮ್ಯಾಪ್ ಅಲುಗಾಡಿಹೋಯ್ತು. ಟವರ್ ಹ್ಯಾಮ್ಲೆಟ್ಸ್, ಹ್ಯಾಕ್ನಿ, ನ್ಯೂಅಮ್ ಥರದ ಲಂಡನ್ ಬರೋಗಳು (ನಗರದೊಳಗಿನ ಒಂದೊಂದು ಸ್ಥಳೀಯ ಆಡಳಿತದ ಪ್ರದೇಶಕ್ಕೆ ಅಲ್ಲಿ ಬರೋ ಅಂತಾರೆ) ಮಕ್ಕಳ ಬಡತನದ ಲೆಕ್ಕದಲ್ಲಿ ಮೇಲಕ್ಕೆ ಬಂದ್ವು, ಯಾಕಂದ್ರೆ ಅಲ್ಲಿ ಬಾಡಿಗೆ ಕಟ್ಟಿದ್ಮೇಲೆ ಕೈಯಲ್ಲಿ ಏನೂ ಉಳಿಯಲ್ಲ. ಉತ್ತರ ಇಂಗ್ಲೆಂಡಿನ ಕೆಲವು ಊರುಗಳಲ್ಲಿ ಬಾಡಿಗೆ ಕಡಿಮೆ, ಅಲ್ಲಿನ ಬಡವ್ರ ಬಡತನ ಕಮ್ಮಿ ಆಗಿಲ್ಲ, ಸಾಲಿನಲ್ಲಿ ಅವರ ಮುಂದೆ ಬೇರೆಯವ್ರು ಬಂದು ನಿಂತ್ರು. ಒಂದು ವ್ಯಾಖ್ಯೆ ಬದಲಾದ್ರೆ ಜಾಗಗಳ ಹಣೆಬರಹ ಬದಲಾಗುತ್ತೆ, ಅದರ ಜೊತೆ ಗ್ರಾಂಟೂ. ನನ್ನ ಪ್ರಕಾರ ಬಾಡಿಗೆ ಕಳೆದು ನೋಡೋದೇ ಸರಿ, ಜನ ಬದುಕೋದು ಕೈಗೆ ಉಳಿದ ದುಡ್ಡಲ್ಲಿ ತಾನೇ. ಆದ್ರೆ ಅದು ಒಂದು ಆಯ್ಕೆ, ಅದೇನು ಪ್ರಕೃತಿ ನಿಯಮ ಅಲ್ಲ ಅನ್ನೋದು ನೆನಪಿರ್ಬೇಕು.

ಇಷ್ಟು ಚಿಕ್ಕ ತುಂಡು ಯಾಕೆ ಬೇಕು ಅಂತ ಕೇಳಬಹುದು, ಜಿಲ್ಲಾ ಮಟ್ಟದಲ್ಲಿ ನೋಡಿದ್ರೆ ಸಾಕಲ್ವಾ ಅಂತ. ಸಾಕಾಗಲ್ಲ. ಲಂಡನ್ನಿನ ಕೆನ್ಸಿಂಗ್ಟನ್ ಅಂಡ್ ಚೆಲ್ಸೀ ಬರೋ ದೇಶದ ಅತಿ ಶ್ರೀಮಂತ ಜಾಗಗಳಲ್ಲಿ ಒಂದು, ಸರಾಸರಿ ನೋಡಿದ್ರೆ ಏನೂ ತೊಂದರೆ ಇಲ್ಲ ಅನ್ಸುತ್ತೆ. 2017ರಲ್ಲಿ ಬೆಂಕಿ ಬಿದ್ದು 72 ಜನ ಸತ್ತ ಗ್ರೆನ್‌ಫೆಲ್ ಟವರ್ ಇರೋದು ಅದೇ ಬರೋದಲ್ಲಿ, ಆ ಟವರ್ ಇದ್ದ ಲ್ಯಾಂಕಾಸ್ಟರ್ ವೆಸ್ಟ್ ಎಸ್ಟೇಟ್ ಅನ್ನೋ ವಸತಿ ಸಮುಚ್ಚಯ 2015ರ ಪಟ್ಟಿಯಲ್ಲಿ ಇಡೀ ಇಂಗ್ಲೆಂಡಿನ ಅತಿ ಹಿಂದುಳಿದ 10% ಜಾಗಗಳ ಸಾಲಿನಲ್ಲಿತ್ತು. ಬರೋ ಸರಾಸರಿಯಲ್ಲಿ ಅದು ಮುಳುಗೇಹೋಗಿತ್ತು.

ಬೀದಿ ಮಟ್ಟದಲ್ಲಿ ಲೆಕ್ಕ ಹಾಕೋದು ಹೊಸದೇನಲ್ಲ. ಚಾರ್ಲ್ಸ್ ಬೂತ್ ಅನ್ನೋ ಉದ್ಯಮಿ 1886ರಿಂದ 1903ರ ತನಕ ಲಂಡನ್ನಿನ ಒಂದೊಂದೇ ಬೀದಿಗೆ ಬಣ್ಣ ಬಳಿದು ಮ್ಯಾಪ್ ಮಾಡಿಸಿದ, ಶ್ರೀಮಂತ ಬೀದಿಗೆ ಹಳದಿ, ತೀರಾ ಕೆಳಗಿನವ್ರಿಗೆ ಕಪ್ಪು, ಒಟ್ಟು ಏಳು ಬಣ್ಣ. ಲಂಡನ್ನಿನ 30.7% ಜನ ಬಡತನದಲ್ಲಿದಾರೆ ಅಂತ ಅವನ ಲೆಕ್ಕ ಹೇಳ್ತು. ಆದ್ರೆ ಆ ಕಪ್ಪು ಬಣ್ಣಕ್ಕೆ ಅವನು ಕೊಟ್ಟ ವಿವರಣೆ ಏನ್ ಗೊತ್ತಾ, ದುಷ್ಟರು, ಅರೆ-ಅಪರಾಧಿಗಳು ಅನ್ನೋ ಅರ್ಥದ್ದು. ಅಳೆಯೋನ ತಲೆಯಲ್ಲಿ ಇರೋದು ಮ್ಯಾಪ್ ಮೇಲೆ ಬರುತ್ತೆ ಅನ್ನೋದು ಅವತ್ತೇ ಕಾಣ್ತಿತ್ತು.

ಆಮೇಲೆ 1980ರ ದಶಕದಲ್ಲಿ ಲೆಕ್ಕ ಸ್ವಲ್ಪ ವೈಜ್ಞಾನಿಕ ಆಯ್ತು. ಸಮಾಜಶಾಸ್ತ್ರಜ್ಞ ಪೀಟರ್ ಟೌನ್ಸೆಂಡ್ ಮತ್ತು ಜೊತೆಗಾರರು ನಾಲ್ಕೇ ನಾಲ್ಕು ವಿಷಯ ಇಟ್ಕೊಂಡು ಒಂದು ಸ್ಕೋರ್ ಮಾಡಿದ್ರು: ಕೆಲಸ ಇಲ್ಲದವ್ರು, ಕಾರ್ ಇಲ್ಲದ ಮನೆ, ಸ್ವಂತ ಮನೆ ಇಲ್ಲದವ್ರು, ಒಂದೇ ಮನೇಲಿ ಜಾಸ್ತಿ ಜನ. ಎಲ್ಲಾ ಸೆನ್ಸಸ್‌ನಲ್ಲೇ ಸಿಗೋದು, ಸುಲಭ. ಆದ್ರೆ ಕಾರ್ ವಿಷಯ ನೋಡಿ, ಲಂಡನ್ನಿನ ಮಧ್ಯದಲ್ಲಿ ಕಾರ್ ಇಲ್ಲ ಅಂದ್ರೆ ಬಡವ ಅಂತ ಏನಿಲ್ಲ, ಟ್ಯೂಬ್, ಅಂದ್ರೆ ಮೆಟ್ರೋ ರೈಲು, ಇದೆ. ಅದೇ ಕಾರ್ನ್‌ವಾಲ್ ಹಳ್ಳೀಲಿ ಬಸ್ಸೇ ಬರಲ್ಲ, ಕೂಲಿ ಮಾಡೋನೂ ಸಾಲ ಮಾಡಿ ಹಳೇ ಕಾರ್ ಇಟ್ಕೊಳ್ಲೇಬೇಕು. ಬಡತನದಿಂದ್ಲೇ ಕಾರ್ ತಗೊಂಡವನನ್ನ ಆ ಸ್ಕೋರ್ ಅನುಕೂಲಸ್ಥ ಅಂತ ಲೆಕ್ಕ ಹಾಕಿಬಿಡುತ್ತೆ. ನಗರದಲ್ಲಿ ಕೂತವ್ರು ಅಳತೆಗೋಲು ಮಾಡಿದ್ರೆ ಹಳ್ಳಿ ಕಾಣಲ್ಲ ಅನ್ನೋ ದೂರು ಇವತ್ತಿಗೂ ಇದೆ, ದೂರಲ್ಲಿ ಹುರುಳೂ ಇದೆ.

ನಿಜವಾದ ತಿರುವು ಬಂದಿದ್ದು 2000ದ ಆಸುಪಾಸಲ್ಲಿ. ಪ್ರಧಾನಿ ಟೋನಿ ಬ್ಲೇರ್ ಸರ್ಕಾರ ಹಿಂದುಳಿದ ನೆರೆಹೊರೆಗಳನ್ನ ಎತ್ತಬೇಕು ಅಂತ ಹೊರಟಾಗ ಗೊತ್ತಾಗಿದ್ದು ಏನು ಅಂದ್ರೆ, ಯಾವ ಇಲಾಖೆ ಹತ್ರಾನೂ ಬೀದಿ ಮಟ್ಟದ ಮಾಹಿತಿ ಒಂದೇ ಥರ ಇಲ್ಲ. ಆರೋಗ್ಯದವ್ರದ್ದು ಒಂದು ಗಡಿ, ಪೊಲೀಸ್‌ದು ಇನ್ನೊಂದು, ಶಿಕ್ಷಣದ್ದು ಮತ್ತೊಂದು, ವಾರ್ಡ್ ಗಡಿ ಆಗಾಗ ಬದಲಾಗೋದು. ಅದಕ್ಕೆ ಅಂತಲೇ ಒಂದು ತಂಡ ಕೂತು ವರದಿ ಕೊಡ್ತು, 2001ರಲ್ಲಿ ಸ್ಟ್ಯಾಟಿಸ್ಟಿಕ್ಸ್ ಆಫೀಸ್ ನೇಬರ್‌ಹುಡ್ ಸ್ಟ್ಯಾಟಿಸ್ಟಿಕ್ಸ್ ಅನ್ನೋ ಸೇವೆ ಶುರು ಮಾಡ್ತು. ಅದೇ ವರ್ಷ ಸರ್ಕಾರ ಹೇಳಿದ ಗುರಿ, ಇನ್ನು 10-20 ವರ್ಷದಲ್ಲಿ ಯಾರೂ ತಾವು ಇರೋ ಜಾಗದ ಕಾರಣಕ್ಕೆ ತೀರಾ ಹಿಂದೆ ಬೀಳಬಾರದು ಅಂತ. 20 ವರ್ಷ ಯಾವತ್ತೋ ಆಗೋಯ್ತು. 2000ದ ಸೂಚ್ಯಂಕ ಇನ್ನೂ ವಾರ್ಡ್ ಮಟ್ಟದಲ್ಲೇ ಇತ್ತು, 2004ರಿಂದ ಎಲ್‌ಎಸ್‌ಒಎ ಬಂತು, ಅಲ್ಲಿಂದ ಒಂದೇ ಅಳತೆಯ ತುಂಡುಗಳನ್ನ ಪಕ್ಕ ಪಕ್ಕ ಇಟ್ಟು ನೋಡೋಕೆ ಆಯ್ತು.

ಸರಿ, ಸೇವೆಗಳಿಗೆ ಬರೋಣ. ವೇಲ್ಸ್‌ನ ಗಣಿ ಹಳ್ಳಿ ಗ್ಲಿನ್‌ಕೊರಗ್‌ನಲ್ಲಿ ಕೆಲಸ ಮಾಡ್ತಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನೋ ಡಾಕ್ಟರು 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಮಾತು ಇವತ್ತಿಗೂ ಎಲ್ಲರ ಬಾಯಲ್ಲಿದೆ: ಒಳ್ಳೆ ಚಿಕಿತ್ಸೆ ಎಲ್ಲಿ ಜಾಸ್ತಿ ಬೇಕೋ ಅಲ್ಲೇ ಕಡಿಮೆ ಸಿಗುತ್ತೆ. ಇದನ್ನ ಸಾಬೀತು ಮಾಡೋಕೆ ಬೀದಿ ಮಟ್ಟದ ಡೇಟಾ ಬೇಕೇ ಬೇಕು, ಇಲ್ಲಾಂದ್ರೆ ಅದು ಬರೀ ಅನಿಸಿಕೆ. ಈಗ ಡೇಟಾ ಇದೆ, ಅದು ಹೇಳೋದೂ ಇದನ್ನೇ. ಇಂಗ್ಲೆಂಡಿನ ಅತಿ ಹಿಂದುಳಿದ ಹತ್ತನೇ ಒಂದು ಭಾಗದಲ್ಲಿ ಹುಟ್ಟಿದ ಗಂಡು ಮಗು, ಅತಿ ಅನುಕೂಲದ ಹತ್ತನೇ ಒಂದು ಭಾಗದ ಮಗುಗಿಂತ 9 ವರ್ಷಕ್ಕೂ ಹೆಚ್ಚು ಕಡಿಮೆ ಬದುಕುತ್ತೆ ಅಂತ 2018-20ರ ಅಂಕಿ, ಆರೋಗ್ಯವಾಗಿ ಬದುಕೋ ವರ್ಷಗಳನ್ನ ನೋಡಿದ್ರೆ ಅಂತರ ಸುಮಾರು 18 ವರ್ಷ. ಆದ್ರೆ ಹಿಂದುಳಿದ ಕಡೆಯ ಜಿಪಿ (ಫ್ಯಾಮಿಲಿ ಡಾಕ್ಟರ್) ಕ್ಲಿನಿಕ್‌ಗಳಿಗೆ ರೋಗಿಗಳ ಅಗತ್ಯ ಲೆಕ್ಕ ಹಾಕಿದ್ರೆ ತಲಾ ಸುಮಾರು 7% ಕಡಿಮೆ ಹಣ ಹೋಗ್ತಿದೆ ಅಂತ ಹೆಲ್ತ್ ಫೌಂಡೇಶನ್ ಅನ್ನೋ ಸಂಸ್ಥೆ ತೋರಿಸಿತ್ತು, ಕಾರಣ ಕಾರ್-ಹಿಲ್ ಫಾರ್ಮುಲಾ ಅನ್ನೋ 2004ರ ಸೂತ್ರ, ಅದು ವಯಸ್ಸಾದವ್ರಿಗೆ ಕೊಟ್ಟಷ್ಟು ತೂಕ ಬಡತನಕ್ಕೆ ಕೊಡಲ್ಲ. ಶ್ರೀಮಂತ ಏರಿಯಾದಲ್ಲಿ ಜನ ಜಾಸ್ತಿ ವರ್ಷ ಬದುಕ್ತಾರೆ, ಹಾಗಾಗಿ ವಯಸ್ಸಾದವ್ರು ಜಾಸ್ತಿ, ಹಾಗಾಗಿ ದುಡ್ಡು ಅಲ್ಲಿಗೆ. ಬಡ ಏರಿಯಾದಲ್ಲಿ 55ಕ್ಕೇ ಮೂರು ಕಾಯಿಲೆ ಇಟ್ಕೊಂಡು ಓಡಾಡೋನು ಲೆಕ್ಕದಲ್ಲಿ ಇನ್ನೂ ಯುವಕ.

ಡೇಟಾ ಇದ್ದೂ ಸೂತ್ರ ಸರಿ ಹೋಗಿಲ್ಲ ಅನ್ನೋದು ಇಲ್ಲಿ ಗಮನಿಸಬೇಕಾದ್ದು. ಡ್ಯಾಶ್‌ಬೋರ್ಡ್ ಮಾಡಿದ್ರೆ ಕೆಲಸ ಆಯ್ತು ಅಂದ್ಕೊಳ್ಳೋರಿಗೆ ಇದನ್ನ ತೋರಿಸ್ಬೇಕು. ಹಾಗಂತ ಎಲ್ಲಾ ಕಡೆ ಹೀಗೆ ಅಂತಲ್ಲ, ಶಾಲೆಗಳ ಫಂಡಿಂಗ್ ಸೂತ್ರದಲ್ಲಿ ಮಗು ಇರೋ ಏರಿಯಾದ ಮಕ್ಕಳ ಬಡತನದ ಅಂಕಿ ನೇರವಾಗಿ ಸೇರಿಕೊಂಡಿದೆ, ಎನ್‌ಎಚ್‌ಎಸ್ ಅನ್ನೋ ಸರ್ಕಾರಿ ಆರೋಗ್ಯ ಸೇವೆ 2021ರಿಂದ ಅತಿ ಹಿಂದುಳಿದ 20% ಜಾಗಗಳನ್ನ ಕೋರ್20 ಅಂತ ಕರೆದು ಬಿಪಿ ಚೆಕ್, ಕ್ಯಾನ್ಸರ್ ಬೇಗ ಪತ್ತೆ ಹಚ್ಚೋದು ಇತ್ಯಾದಿಗೆ ಅಲ್ಲೇ ಮೊದಲು ಗಮನ ಅಂತ ಹೊರಟಿದೆ.

ಪ್ಲಾನ್ ಮಾಡೋ ಅಧಿಕಾರಿ ಟೇಬಲ್ ಮೇಲೆ ಇದು ಹೇಗೆ ಕಾಣುತ್ತೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಒಂದೇ ಕೌನ್ಸಿಲ್‌ನಲ್ಲಿ ಎರಡು ಎಲ್‌ಎಸ್‌ಒಎ ಇದೆ ಅಂದ್ಕೊಳ್ಳಿ, ಎರಡೂ ಒಟ್ಟು ರ‍್ಯಾಂಕ್‌ನಲ್ಲಿ 2,000ದ ಹತ್ರ, ಅಂದ್ರೆ ಎರಡೂ ಅತಿ ಹಿಂದುಳಿದ 10%ರೊಳಗೆ. ಬಿಡಿಸಿ ನೋಡಿದ್ರೆ ಮೊದಲನೇದರಲ್ಲಿ ಆದಾಯ, ಕೆಲಸ, ಶಿಕ್ಷಣ ಮೂರೂ ತೀರಾ ಕೆಳಗಿದೆ ಆದ್ರೆ ಮನೆಗಳು ಗಟ್ಟಿ, ಅಪರಾಧ ಕಡಿಮೆ, ಇದು ಹಳೇ ಕೌನ್ಸಿಲ್ ಎಸ್ಟೇಟ್, ಅಂದ್ರೆ ಕೌನ್ಸಿಲ್ ಕಟ್ಟಿಸಿದ ಬಾಡಿಗೆ ಮನೆಗಳು, ಫ್ಯಾಕ್ಟರಿ ಮುಚ್ಚಿದ ಮೇಲೆ ಕೆಲಸ ಹೋಗಿದೆ, ಜನ ಅಲ್ಲೇ ಇದಾರೆ. ಎರಡನೇದು ಸ್ಟೇಶನ್ ಪಕ್ಕದ್ದು, ಹಳೇ ಲಾಡ್ಜುಗಳನ್ನ ಒಡೆದು ಒಂಟಿ ರೂಮ್ ಮಾಡಿ ಬಾಡಿಗೆಗೆ ಕೊಟ್ಟಿದಾರೆ, ಅಲ್ಲಿ ಆರೋಗ್ಯ, ಅಪರಾಧ, ಮನೆಯ ಸ್ಥಿತಿ ಕೆಟ್ಟದು, ಜನ ಆರು ತಿಂಗಳಿಗೆ ಒಂದ್ಸಲ ಬದಲಾಗ್ತಾರೆ. ಮೊದಲನೇ ಕಡೆ ಟ್ರೈನಿಂಗ್ ಸೆಂಟರು, ಕೆಲಸದ ಜಾಗಕ್ಕೆ ಹೋಗೋ ಬೆಳಗಿನ ಪಾಳಿ ಬಸ್ಸು ಕೊಟ್ರೆ ಉಪಯೋಗ. ಎರಡನೇ ಕಡೆ ಅದೇ ಟ್ರೈನಿಂಗ್ ಸೆಂಟರ್ ಖಾಲಿ ಬೀಳುತ್ತೆ, ಅಲ್ಲಿ ಬೇಕಿರೋದು ಅಪಾಯಿಂಟ್‌ಮೆಂಟ್ ಇಲ್ಲದೇ ಹೋಗೋ ಕ್ಲಿನಿಕ್ಕು, ಮನೆ ಓನರ್‌ಗಳ ಮೇಲೆ ಇನ್ಸ್‌ಪೆಕ್ಷನ್ನು. ರ‍್ಯಾಂಕ್ ಒಂದೇ, ಕಾಯಿಲೆ ಬೇರೆ. ಒಟ್ಟು ರ‍್ಯಾಂಕ್ ಮೇಲೆ ಪ್ಲಾನ್ ಮಾಡೋದು ಥರ್ಮಾಮೀಟರ್ ನೋಡಿ ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ.

ಈಗ ನನಗೆ ನಿಜವಾಗ್ಲೂ ತಲೆಬಿಸಿ ಮಾಡೋ ವಿಷಯ, ಏರಿಯಾ ನೋಡಿ ವ್ಯಕ್ತಿಯನ್ನ ಅಳೆಯೋದು. ಸ್ಕಾಟ್ಲೆಂಡ್‌ಗೆ ಅದರದ್ದೇ ಸೂಚ್ಯಂಕ ಇದೆ, ಅಲ್ಲಿ ಚಿಕ್ಕ ತುಂಡಿಗೆ ಡೇಟಾ ಝೋನ್ ಅಂತಾರೆ, 2016ರ ಪಟ್ಟಿಲಿ 6,976 ಇದ್ವು. ಆ ಪಟ್ಟಿ ಬಂದಾಗ ಸ್ಕಾಟಿಷ್ ಸರ್ಕಾರವೇ ಮುಚ್ಚುಮರೆ ಇಲ್ಲದೆ ಹೇಳ್ತು, ಆದಾಯದ ಕೊರತೆ ಇರೋ ಮೂರರಲ್ಲಿ ಎರಡು ಪಾಲು ಜನ ಹಿಂದುಳಿದ ಏರಿಯಾಗಳಲ್ಲಿ ಇಲ್ವೇ ಇಲ್ಲ ಅಂತ. ಬಡವ್ರಲ್ಲಿ ಬಹುಪಾಲು ಮ್ಯಾಪ್‌ನ ಕೆಂಪು ಭಾಗದ ಹೊರಗೆ! ಆರ್ಕ್‌ನಿ, ಶೆಟ್ಲೆಂಡ್, ಪಶ್ಚಿಮದ ದ್ವೀಪಗಳು, ಈ ಮೂರು ಕಡೆ ಅತಿ ಹಿಂದುಳಿದ 20%ರಲ್ಲಿ ಬರೋ ಒಂದು ಝೋನೂ ಇರ್ಲಿಲ್ಲ. ಅಲ್ಲಿ ಬಡವ್ರಿಲ್ವಾ, ಇದಾರೆ. ಆದ್ರೆ ದ್ವೀಪದ ಹಳ್ಳೀಲಿ ಬಡವನ ಮನೆ ಪಕ್ಕ ಅನುಕೂಲಸ್ಥನ ಮನೆ ಇರುತ್ತೆ, ಸರಾಸರಿ ಹಾಕಿದ್ರೆ ಇಬ್ಬರೂ ಮಧ್ಯಮ ವರ್ಗ ಆಗ್ಬಿಡ್ತಾರೆ.

ಹಾಗಿದ್ರೂ ಏನ್ ಮಾಡಿದ್ರು ನೋಡಿ, ಯೂನಿವರ್ಸಿಟಿ ಸೀಟಿನ ಗುರಿಯನ್ನ ಇದೇ ಮ್ಯಾಪ್ ಮೇಲೆ ಕಟ್ಟಿದ್ರು. 2030ರೊಳಗೆ ಹೊಸದಾಗಿ ಸೇರೋ ವಿದ್ಯಾರ್ಥಿಗಳಲ್ಲಿ 20% ಅತಿ ಹಿಂದುಳಿದ 20% ಏರಿಯಾದಿಂದ ಬರ್ಬೇಕು ಅಂತ. ಉದ್ದೇಶ ಒಳ್ಳೇದು, ಒಪ್ಪೋಣ. ಆದ್ರೆ ಶೆಟ್ಲೆಂಡ್‌ನಲ್ಲಿ ಮೀನು ಕಾರ್ಖಾನೇಲಿ ಕೆಲಸ ಮಾಡೋ ಒಂಟಿ ತಾಯಿಯ ಮಗಳು ಈ ಲೆಕ್ಕಕ್ಕೆ ಬರೋದೇ ಇಲ್ಲ, ಗ್ಲಾಸ್ಗೋದಲ್ಲಿ ಹಿಂದುಳಿದ ಹಳೇ ಏರಿಯಾದಲ್ಲಿ ಹೊಸ ಫ್ಲ್ಯಾಟ್ ತಗೊಂಡ ಲೆಕ್ಚರರ್ ಮಗ ಬರ್ತಾನೆ. ಅವನು ಏನೂ ಮೋಸ ಮಾಡ್ಲಿಲ್ಲ, ಪೋಸ್ಟ್‌ಕೋಡ್ ಹಾಕಿದ ಅಷ್ಟೇ. ಮನೆ ಆದಾಯ ಕಡಿಮೆ ಅಂತ ಶಾಲೇಲಿ ಉಚಿತ ಊಟ ಸಿಗ್ತಿತ್ತಾ ಅನ್ನೋ ಒಂದು ಪ್ರಶ್ನೆ ಸೇರಿಸಿದ್ರೂ ಇದು ಅರ್ಧ ಸರಿ ಹೋಗುತ್ತೆ, ಅಲ್ಲಿನವ್ರು ವರ್ಷಗಳಿಂದ ಇದನ್ನ ಹೇಳ್ತಾನೇ ಇದಾರೆ. ಟ್ಯೂಷನ್ ಸೆಂಟರ್ ಎಲ್ಲಿ ತೆರೀಬೇಕು ಅನ್ನೋದಕ್ಕೆ ಮ್ಯಾಪ್ ಬಳಸಿ, ಅದು ಯಾರ ಸೀಟು ಅನ್ನೋದಕ್ಕೆ ಬೇಡ.

ಚಿಕ್ಕ ತುಂಡುಗಳಿಗೆ ಇನ್ನೊಂದು ಕಾಟ, ಸಂಖ್ಯೆ ಚಿಕ್ಕದಾದಷ್ಟೂ ಅದು ಕುಣಿಯುತ್ತೆ. ಗ್ಲಾಸ್ಗೋದ ಕಾಲ್ಟನ್ ಅನ್ನೋ ಏರಿಯಾ ಗೊತ್ತಿರಬಹುದು, ಅಲ್ಲಿನ ಗಂಡಸರ ಸರಾಸರಿ ಆಯಸ್ಸು 54, ಕೆಲವೇ ಮೈಲಿ ದೂರದ ಲೆನ್ಝೀಯಲ್ಲಿ 82 ಅಂತ 2008ರ ವಿಶ್ವ ಆರೋಗ್ಯ ಸಂಸ್ಥೆಯ ವರದೀಲಿ ಬಂದು ಜಗತ್ತೆಲ್ಲಾ ಸುದ್ದಿ ಆಯ್ತು. 28 ವರ್ಷದ ಅಂತರ, ಭಾಷಣಕ್ಕೆ ಹೇಳಿ ಮಾಡಿಸಿದ್ದು. ಆದ್ರೆ ಆ ಕಾಲದಲ್ಲಿ ಕಾಲ್ಟನ್‌ನಲ್ಲಿ ಮನೆಯಿಲ್ಲದ ಗಂಡಸರ ದೊಡ್ಡ ಹಾಸ್ಟೆಲ್‌ಗಳಿದ್ವು, ನಗರದ ಎಲ್ಲೆಲ್ಲಿಂದಲೋ ಕಾಯಿಲೆ ಬಿದ್ದವ್ರು, ಕುಡಿತಕ್ಕೆ ಸಿಕ್ಕವ್ರು ಕೊನೆಗೆ ಅಲ್ಲಿಗೆ ಬಂದು ಅಲ್ಲೇ ಸಾಯ್ತಿದ್ರು, ಸಾವಿನ ವಿಳಾಸ ಕಾಲ್ಟನ್ ಅಂತ ದಾಖಲಾಗ್ತಿತ್ತು. ಏರಿಯಾ ಬಡವೇ, ಅದರಲ್ಲಿ ಅನುಮಾನ ಇಲ್ಲ, ಆದ್ರೆ ಆ 54 ಅನ್ನೋದು ಅಲ್ಲಿ ಹುಟ್ಟಿ ಬೆಳೆದವ್ರ ಆಯಸ್ಸಲ್ಲ. ಸಣ್ಣ ಜಾಗದ ಅಂಕಿ ವಿಪರೀತ ಅನ್ಸಿದ್ರೆ ಮೊದಲು ಕೇಳಬೇಕಾದ್ದು ಅಲ್ಲಿ ಹಾಸ್ಟೆಲ್ ಇದ್ಯಾ, ಜೈಲ್ ಇದ್ಯಾ, ವೃದ್ಧಾಶ್ರಮ ಇದ್ಯಾ, ಯೂನಿವರ್ಸಿಟಿ ಇದ್ಯಾ ಅಂತ. ಆ ಏರಿಯಾದಲ್ಲಿ ಒಂದು ಸುತ್ತು ನಡೆದು ಬಂದವ್ರಿಗೆ ಐದು ನಿಮಿಷದಲ್ಲಿ ಗೊತ್ತಾಗೋದು ಸ್ಪ್ರೆಡ್‌ಶೀಟ್ ಮುಂದೆ ಕೂತವ್ರಿಗೆ ತಿಂಗಳಾದ್ರೂ ಹೊಳೆಯಲ್ಲ.

ಇದಕ್ಕಿಂತ ಆಳದ ಸಮಸ್ಯೆ ಡೇಟಾ ಎಲ್ಲಿ ಹುಟ್ಟುತ್ತೆ ಅನ್ನೋದು. ಸೆನ್ಸಸ್ 10 ವರ್ಷಕ್ಕೆ ಒಂದ್ಸಲ, ಮಧ್ಯದಲ್ಲಿ ನಮಗೆ ಸಿಗೋದು ಇಲಾಖೆಗಳ ಕಡತದಿಂದ ಬಂದ ಅಂಕಿ, ಯಾರು ಬೆನಿಫಿಟ್ (ಸರ್ಕಾರದ ನೆರವಿನ ಹಣ) ತಗೊಳ್ತಿದಾರೆ, ಯಾರು ಪೊಲೀಸ್‌ಗೆ ದೂರು ಕೊಟ್ರು, ಯಾರು ಆಸ್ಪತ್ರೆಗೆ ಸೇರಿದ್ರು. ಅಂದ್ರೆ ಸೇವೆಯನ್ನ ಮುಟ್ಟಿದವ್ರು ಮಾತ್ರ ಲೆಕ್ಕಕ್ಕೆ ಸಿಗ್ತಾರೆ. ಬ್ರಿಟನ್ನಿನಲ್ಲಿ ವಯಸ್ಸಾದ ಬಡವ್ರಿಗೆ ಪೆನ್ಷನ್ ಕ್ರೆಡಿಟ್ ಅಂತ ಇದೆ, ಅರ್ಹ ಇರೋರಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಅದನ್ನ ತಗೊಳ್ತಾನೇ ಇಲ್ಲ, ಗೊತ್ತಿಲ್ಲ, ಫಾರ್ಮ್ ಉದ್ದ ಇದೆ, ಕೈ ಚಾಚೋಕೆ ನಾಚಿಕೆ. ಈಗ ಈ ಪೆನ್ಷನ್ ಕ್ರೆಡಿಟ್ಟೇ ವಯಸ್ಸಾದವ್ರ ಬಡತನದ ಸೂಚಕವಾದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ. ಯಾವ ಏರಿಯಾದಲ್ಲಿ ಸಲಹೆ ಕೊಡೋ ಸೆಂಟರ್ ಇದ್ಯೋ ಅಲ್ಲಿ ಜಾಸ್ತಿ ಜನ ಅರ್ಜಿ ಹಾಕ್ತಾರೆ, ಅಂಕಿ ಏರುತ್ತೆ, ಏರಿಯಾ ಬಡವಾಗಿ ಕಾಣುತ್ತೆ, ಇನ್ನೊಂದು ಸೆಂಟರ್ ಸಿಗುತ್ತೆ. ಯಾವ ಕಡೆ ಸೆಂಟರೇ ಇಲ್ವೋ ಅಲ್ಲಿ ಅರ್ಜಿ ಬರಲ್ಲ, ಮ್ಯಾಪ್‌ನಲ್ಲಿ ಅನುಕೂಲಸ್ಥರ ಏರಿಯಾ ಥರ ಕಾಣುತ್ತೆ, ಸೆಂಟರ್ ಬರೋದೇ ಇಲ್ಲ.

ಪೊಲೀಸ್ ಡೇಟಾನೂ ಇದೇ ಥರ. 2011ರಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಬೀದಿ ಬೀದಿಯ ಅಪರಾಧ ಯಾರು ಬೇಕಾದ್ರೂ ಮ್ಯಾಪ್‌ನಲ್ಲಿ ನೋಡಬಹುದು, ಆದ್ರೆ ದೂರುದಾರರ ಗುರುತು ಗೊತ್ತಾಗಬಾರದು ಅಂತ ನಿಜವಾದ ಜಾಗ ಹಾಕಲ್ಲ, ಹತ್ತಿರದ ಯಾವುದೋ ನಿಗದಿ ಪಾಯಿಂಟ್‌ಗೆ ಸರಿಸ್ತಾರೆ, ಸೂಪರ್‌ಮಾರ್ಕೆಟ್ ಹತ್ರ, ಪಾರ್ಕಿಂಗ್ ಹತ್ರ ಅಂತ ಇರುತ್ತೆ. ಗೌಪ್ಯತೆಗೆ ಇದು ಸರಿಯೇ. ಆದ್ರೆ ಅದನ್ನ ನೋಡಿ ಈ ಮೂಲೇಲೇ ಅಪರಾಧ ಅಂತ ಸಿಸಿಟಿವಿ ಹಾಕೋಕೆ ಹೊರಟ್ರೆ ಕಷ್ಟ. ಇನ್ನು ಪೊಲೀಸ್ ಮೇಲೆ ನಂಬಿಕೆಯೇ ಇಲ್ಲದ ಏರಿಯಾದಲ್ಲಿ ಜನ ದೂರೇ ಕೊಡಲ್ಲ, ಮ್ಯಾಪ್ ಶಾಂತವಾಗಿರುತ್ತೆ.

ಜೊತೆಗೆ ಅಂಕಿ ಹಳೇದಾಗಿರುತ್ತೆ. 2019ರ ಸೂಚ್ಯಂಕದಲ್ಲಿದ್ದ ಬಹುಪಾಲು ಅಂಕಿ 2015-16ರದ್ದು, ಅದನ್ನೇ 2025ರ ತನಕ ಬಳಸಿದ್ರು, ಅಂದ್ರೆ ಕೋವಿಡ್ ಬಂದು ಹೋಗಿ, ಕರೆಂಟ್ ಗ್ಯಾಸ್ ಬಿಲ್ ಆಕಾಶಕ್ಕೆ ಏರಿದ ಮೇಲೂ ಅಧಿಕಾರಿಗಳು ನೋಡ್ತಿದ್ದದ್ದು ಅದೆಲ್ಲ ಆಗೋ ಮುಂಚಿನ ಇಂಗ್ಲೆಂಡನ್ನ.

ಹಾಗಂತ ಕೈ ಕಟ್ಟಿ ಕೂರೋಕೆ ಆಗಲ್ಲ, ಕೆಲವು ಕೌನ್ಸಿಲ್‌ಗಳು ಚೆನ್ನಾಗಿರೋ ಕೆಲಸ ಮಾಡಿವೆ. ಏರಿಯಾ ಅಂಕಿ ಪಕ್ಕಕ್ಕಿಟ್ಟು ತಮ್ಮ ಹತ್ರಾನೇ ಇರೋ ಕಡತಗಳನ್ನ ಸೇರಿಸಿ ನೋಡಿದ್ರು. ಶೆಫೀಲ್ಡ್ ಕೌನ್ಸಿಲ್ ಮನೆ ಬಾಡಿಗೆ ಬೆನಿಫಿಟ್ ತಗೊಳ್ಳೋರ ಪಟ್ಟಿ ನೋಡಿ ಉಚಿತ ಊಟಕ್ಕೆ ಅರ್ಹ ಇರೋ ಮಕ್ಕಳನ್ನ ತಾನೇ ಸೇರಿಸ್ತು, ಬೇಡ ಅನ್ನೋರು ಬೇಡ ಅಂತ ಹೇಳಬಹುದು ಅಷ್ಟೇ, ಅಪ್ಪ ಅಮ್ಮ ಅರ್ಜಿ ಹಾಕಬೇಕಾಗಿಲ್ಲ. ಲಂಡನ್ನಿನ ಕೆಲವು ಬರೋಗಳು ಇದೇ ಥರ ಪೆನ್ಷನ್ ಕ್ರೆಡಿಟ್ ಬಿಟ್ಟಿರೋ ವಯಸ್ಸಾದವ್ರನ್ನ ಹುಡುಕಿ ಪತ್ರ ಕಳಿಸಿದ್ವು. ಶೆಫೀಲ್ಡ್ ಥರ ಮಾಡಿದ್ರೆ ಮಗುವಿಗೆ ಊಟದ ಜೊತೆ ಅದರ ಶಾಲೆಗೂ ಹೆಚ್ಚಿನ ದುಡ್ಡು ಬರುತ್ತೆ, ಯಾಕಂದ್ರೆ ಫಂಡಿಂಗ್ ಆ ಪಟ್ಟಿ ಮೇಲೇ ನಿಂತಿದೆ. ಇದರಲ್ಲಿ ಗೌಪ್ಯತೆಯ ಪ್ರಶ್ನೆ ಖಂಡಿತ ಇದೆ, ಒಂದು ಕೆಲಸಕ್ಕೆ ಕೊಟ್ಟ ಮಾಹಿತಿಯನ್ನ ಇನ್ನೊಂದಕ್ಕೆ ಬಳಸೋದು ಹಗುರವಾಗಿ ತಗೊಳ್ಳೋ ವಿಷಯ ಅಲ್ಲ, ಕೊಡೋಕೆ ಬಳಸಿದ ಪಟ್ಟಿಯನ್ನ ನಾಳೆ ಕಿತ್ಕೊಳ್ಳೋಕೂ ಬಳಸಬಹುದು.

ಕೆಟ್ಟ ಹೆಸರಿನ ವಿಷಯಾನೂ ಹೇಳ್ಬೇಕು. 2018ರಲ್ಲಿ ಅಮೆರಿಕದ ಒಬ್ಬ ಚುನಾವಣಾ ಅಭ್ಯರ್ಥಿ ಕಡೆಯವ್ರು, ನಮಗೆ ವೋಟ್ ಹಾಕ್ಲಿಲ್ಲ ಅಂದ್ರೆ ಹೀಗಾಗುತ್ತೆ ನೋಡಿ ಅಂತ ಜೇವಿಕ್‌ನ ಫೋಟೋ ಹಾಕಿ ಜಾಹೀರಾತು ಮಾಡಿದ್ರು, ಅಟ್ಲಾಂಟಿಕ್ ದಾಟಿ ಹೋಯ್ತು ಮರ್ಯಾದೆ. ಅಲ್ಲಿನ ಜನಕ್ಕೆ ಸಿಟ್ಟು ಬಂದಿದ್ದು ಸಹಜ. ಪಟ್ಟಿ ಮಾಡೋದು ಬೇಡ ಅಂತ ಇದರರ್ಥ ಅಲ್ಲ, ಪಟ್ಟಿಯಲ್ಲಿ ಇದ್ದಿದ್ರಿಂದ್ಲೇ ಜೇವಿಕ್‌ಗೆ ಒಂದಷ್ಟು ರಸ್ತೆ, ಚರಂಡಿ ದುಡ್ಡು ಬಂತು. ಆದ್ರೆ ಮೊದಲ ಹತ್ತು ಹೆಸರು ಪೇಪರ್‌ಗೆ ಕೊಡೋ ಚಟ ಬಿಡಬಹುದು, ಪ್ಲಾನಿಂಗ್‌ಗೆ ಅದರಿಂದ ಏನೂ ಉಪಯೋಗ ಇಲ್ಲ, 1ನೇ ರ‍್ಯಾಂಕ್‌ಗೂ 40ನೇ ರ‍್ಯಾಂಕ್‌ಗೂ ಸೇವೆಯ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ.

ಸದ್ಯಕ್ಕೆ ದೊಡ್ಡ ಪರೀಕ್ಷೆ ಬರ್ತಿರೋದು ಪ್ರೈಡ್ ಇನ್ ಪ್ಲೇಸ್ ಅನ್ನೋ ಯೋಜನೆಗೆ, 2025ರ ಸೆಪ್ಟೆಂಬರ್‌ನಲ್ಲಿ ಘೋಷಣೆ ಆಗಿದ್ದು. ಆಯ್ಕೆ ಆದ ಒಂದೊಂದು ನೆರೆಹೊರೆಗೆ 10 ವರ್ಷಕ್ಕೆ 2 ಕೋಟಿ ಪೌಂಡ್ ತನಕ. ಆಯ್ಕೆಗೆ ಡಿಪ್ರಿವೇಶನ್ ಒಂದೇ ನೋಡದೇ ಆ ಜಾಗದಲ್ಲಿ ಜನ ಸೇರೋ ಕಡೆ ಇದ್ಯಾ, ಬಸ್ ಇದ್ಯಾ, ಸಂಘ ಸಂಸ್ಥೆ ಇದ್ಯಾ ಅನ್ನೋ ಕಮ್ಯೂನಿಟಿ ನೀಡ್ಸ್ ಅನ್ನೋ ಇನ್ನೊಂದು ಅಳತೆಯನ್ನೂ ಸೇರಿಸಿದಾರೆ, ಇದು ಒಳ್ಳೇ ಹೆಜ್ಜೆ, ಎರಡು ಏರಿಯಾ ಒಂದೇ ಸಮ ಬಡವಾಗಿದ್ರೂ ಒಂದರಲ್ಲಿ ಕ್ಲಬ್ಬು, ಚರ್ಚು, ಲೈಬ್ರರಿ ಇರುತ್ತೆ, ಇನ್ನೊಂದರಲ್ಲಿ ಏನೂ ಇರಲ್ಲ.

ಆದ್ರೆ 10 ವರ್ಷ ಆದ್ಮೇಲೆ ಇದು ಫಲ ಕೊಡ್ತಾ ಅಂತ ಹೇಗೆ ನೋಡ್ತಾರೆ? ರ‍್ಯಾಂಕ್ ನೋಡಿದ್ರೆ ಉಳಿದ ಏರಿಯಾಗಳೂ ಓಡ್ತಿರ್ತವೆ, ಇದು ಎಷ್ಟೇ ಸುಧಾರಿಸಿದ್ರೂ ಅಲ್ಲೇ ನಿಂತ ಹಾಗೆ ಕಾಣಬಹುದು. ಉಲ್ಟಾನೂ ಆಗಬಹುದು, ಪಾರ್ಕು, ಬಸ್ಸು, ಒಳ್ಳೆ ಶಾಲೆ ಬಂತು ಅಂತ ಬಾಡಿಗೆ ಏರಿ, ಹಳೇ ಬಾಡಿಗೆದಾರರು ಹೊರಗೆ ಹೋಗಿ, ಸಂಬಳ ಇರೋರು ಬಂದು ಕೂತ್ರೆ ಏರಿಯಾದ ರ‍್ಯಾಂಕ್ ಚೆಂದ ಆಗುತ್ತೆ, ಒಬ್ಬ ಬಡವನ ಸ್ಥಿತಿನೂ ಸುಧಾರಿಸದೆ. ಯಾರು ಇದ್ರು, ಯಾರು ಹೋದ್ರು, ಹೋದವ್ರು ಎಲ್ಲಿ ಹೋದ್ರು ಅನ್ನೋದು ಈ ಸೂಚ್ಯಂಕದಲ್ಲಿ ಎಲ್ಲೂ ಇಲ್ಲ. ಮುಂದಿನ ಸೆನ್ಸಸ್ 2031ಕ್ಕೆ ಮಾಡಿ ಅಂತ ಸ್ಟ್ಯಾಟಿಸ್ಟಿಕ್ಸ್ ಅಥಾರಿಟಿ 2025ರ ಜೂನ್‌ನಲ್ಲಿ ಶಿಫಾರಸು ಮಾಡಿದೆ, ಒಂದು ವರ್ಷದ ಹಿಂದೆ ಎಲ್ಲಿದ್ರಿ ಅನ್ನೋ ಪ್ರಶ್ನೆ ಸೆನ್ಸಸ್‌ನಲ್ಲಿ ಇರುತ್ತೆ, ಆದ್ರೆ 10 ವರ್ಷಕ್ಕೆ ಒಂದ್ಸಲ ಕೇಳಿದ್ರೆ ಸಾಲಲ್ಲ. ದುಡ್ಡು ಹೋಗೋ ಮೊದಲೇ, ಅಂದ್ರೆ ಈಗಲೇ, ಆ ಏರಿಯಾಗಳಲ್ಲಿ ಇರೋ ಮನೆಗಳ ಒಂದು ಸ್ಯಾಂಪಲ್ ಹಿಡಿದು, ಅವ್ರು ಅಲ್ಲೇ ಇರ್ಲಿ ಬೇರೆ ಕಡೆ ಹೋಗ್ಲಿ, ಪ್ರತಿ ವರ್ಷ ಹೋಗಿ ಮಾತಾಡಿಸೋ ಏರ್ಪಾಟು ಆಗ್ಬೇಕು, 2 ಕೋಟಿಯಲ್ಲಿ ಅದಕ್ಕೆ ತಗಲೋದು ಚಿಲ್ಲರೆ.